ಅಂದದ್ದು, ಹೇಳಿದ್ದು, ಮಾತಾಡಿದ್ದು

ಚೆನ್ನೈ ಕನ್ನಡಿಗರ ಇಂಗ್ಲಿಷ್ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳನ್ನು ಗುಡ್ಡೆ ಹಾಕಿ ನೋಡಿದರೆ ಬಹುಪಾಲು ಒಂದೇ ವಿಷಯ: ಇಂಗ್ಲಿಷಿನ 'ಸೇ' ಮತ್ತು ಅದರ ದಾಯಾದಿಗಳಾದ 'ಟೆಲ್', 'ಸ್ಪೀಕ್', 'ಟಾಕ್'. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತಮಿಳು, ಶಾಲೆಯಲ್ಲೋ ಕಚೇರಿಯಲ್ಲೋ ಇಂಗ್ಲಿಷು ಅಂತ ದಿನ ದೂಡುವ ನಮ್ಮವರಿಗೆ ಈ ನಾಲ್ಕು ಪದಗಳು ಕೊಡುವಷ್ಟು ಕಾಟವನ್ನು ದೊಡ್ಡ ದೊಡ್ಡ ಪದಗಳೂ ಕೊಡುವುದಿಲ್ಲ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವಕ್ಕಷ್ಟೇ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳು ಆರನೇ ಕ್ಲಾಸು. ಡೈರಿಯಲ್ಲಿ 'ಮಿಸ್ ಟೋಲ್ಡ್ ದಟ್ ಟುಮಾರೊ ಈಸ್ ಎ ಹಾಲಿಡೇ' ಅಂತ ಬರೆದಿದ್ದಳು. ಟೀಚರು 'ಟೋಲ್ಡ್' ಹೊಡೆದುಹಾಕಿ ಮೇಲೆ ಕೆಂಪು ಇಂಕಿನಲ್ಲಿ 'ಸೆಡ್' ಅಂತ ಬರೆದಿದ್ದಾರೆ. 'ಹೇಳಿದರು' ಅನ್ನುವುದಕ್ಕೆ ಎರಡೂ ಸರಿಯಲ್ಲವೇ? ಎರಡೂ ಒಂದೇ ಅಂತ ಹೇಳಿಕೊಟ್ಟವಳು ನಾನೇ. ಈಗ ಅವಳು ನನ್ನನ್ನೇ ಕೇಳುತ್ತಾಳೆ.
— ಒಬ್ಬ ತಾಯಿ, ಪಶ್ಚಿಮ ಮಾಂಬಲಂ

ಉತ್ತರ: ಟೀಚರು ತಿದ್ದಿದ್ದು ಸರಿ. ನಿಮ್ಮದೂ ತಪ್ಪಲ್ಲ ತಾಯಿ, ನಮ್ಮ ಗೈಡುಗಳೇ ಹಾಗಿವೆ. 'ಸೇ ಎಂದರೆ ಹೇಳು, ಟೆಲ್ ಎಂದರೆ ಹೇಳು' ಅಂತ ಎರಡು ಸಾಲು ಅಚ್ಚು ಹಾಕಿ ಮುಂದಿನ ಪುಟಕ್ಕೆ ಹೋಗಿಬಿಡುತ್ತವೆ. ಮಕ್ಕಳು ಎಡವುವುದು ಅಲ್ಲೇ.

'ಟೆಲ್'ಗೆ 'ಹೇಳು' ಹೊಂದುತ್ತದೆ. 'ಸೇ'ಗೆ ಹತ್ತಿರದ ಕನ್ನಡ ಪದ 'ಅನ್ನು'. ಇದೊಂದು ಬದಲಾವಣೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. 'ನಾಳೆ ರಜಾ ಅಂದ್ರು ಮಿಸ್ಸು' ಅಂತ ಮಗಳು ಮನೆಯಲ್ಲಿ ಹೇಳುವಾಗ ಯಾರಿಗೆ ಅಂದರು ಅನ್ನುವ ಪ್ರಶ್ನೆ ಏಳುವುದಿಲ್ಲ. ಬಾಯಿಂದ ಬಂದ ಮಾತು ಏನು ಅನ್ನುವುದಷ್ಟೇ ಮುಖ್ಯ. ಅದು 'ಸೇ'ಯ ಜಾಗ: 'ಮಿಸ್ ಸೆಡ್ ಟುಮಾರೊ ಈಸ್ ಎ ಹಾಲಿಡೇ.' ಅದೇ 'ಮಿಸ್ಸು ನಮಗೆ ಹೇಳಿದ್ರು' ಅಂದಾಗ ಕೇಳಿಸಿಕೊಂಡವರು ವಾಕ್ಯದೊಳಗೆ ಬಂದು ಕೂತರು. ಅದು 'ಟೆಲ್' ಜಾಗ: 'ಮಿಸ್ ಟೋಲ್ಡ್ ಅಸ್.' ಇಂಥ ವಾಕ್ಯದಲ್ಲಿ 'ಟೋಲ್ಡ್' ಬರೆದ ಮೇಲೆ ಯಾರಿಗೆ ಅನ್ನುವುದನ್ನೂ ಬರೆಯಲೇಬೇಕು. ನಿಮ್ಮ ಮಗಳು 'ಟೋಲ್ಡ್ ಅಸ್ ದಟ್' ಅಂತ ಬರೆದಿದ್ದರೆ ಆ ಕೆಂಪು ಗೆರೆ ಬೀಳುತ್ತಿರಲಿಲ್ಲ.

'ಅನ್ನು' ಮತ್ತು 'ಸೇ' ಎಷ್ಟು ಹತ್ತಿರ ಅಂತ ನಂಬಿಕೆ ಬರದಿದ್ದರೆ ದಿನಬಳಕೆಯ ಮಾತುಗಳನ್ನೇ ನೋಡಿ. 'ಏನಂತೀರಿ?' ಅಂತ ಕೇಳುತ್ತೇವೆ, ಅವರು 'ವಾಟ್ ಡು ಯು ಸೇ?' ಅಂತ ಕೇಳುತ್ತಾರೆ. ಊಟಕ್ಕೆ ಲೆಕ್ಕ ಹಾಕುವಾಗ 'ಒಂದು ಐವತ್ತು ಜನ ಅನ್ನಿ' ಅನ್ನುತ್ತೇವೆ, ಅಲ್ಲಿ ಇಂಗ್ಲಿಷಿನವರು 'ಸೇ, ಫಿಫ್ಟಿ ಪೀಪಲ್' ಅನ್ನುತ್ತಾರೆ. ನಾವು ಮಾತು ಬಿಡಿಸಿ ಹೇಳುವಾಗ ಬಳಸುವ 'ಅಂದರೆ' ಅವರಲ್ಲಿ 'ದಟ್ ಈಸ್ ಟು ಸೇ'. ಈ ಮೂರು ಕಡೆಯೂ 'ಹೇಳು' ಹಾಕಿ ನೋಡಿ, ನಾಲಿಗೆ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ 'ಟೆಲ್' ಹಾಕಿ ನೋಡಿ, ಅದೂ ಒಪ್ಪುವುದಿಲ್ಲ.

ಈ ಜೋಡಿ ಎಲ್ಲ ಕಡೆಗೂ ನಡೆಯುತ್ತದೆ ಅಂತ ಮಾತ್ರ ತಿಳಿಯಬೇಡಿ. 'ಅವನು ನನ್ನನ್ನು ಕಳ್ಳ ಅಂದ' ಅನ್ನುವಲ್ಲಿ 'ಸೆಡ್' ಬರುವುದಿಲ್ಲ, 'ಕಾಲ್ಡ್' ಬರುತ್ತದೆ. ಇನ್ನು 'ಅಮ್ಮ ಬಾಗಿಲು ಹಾಕೋಕೆ ಹೇಳಿದಳು' ಅನ್ನುವಂಥ ಅಪ್ಪಣೆಯ ಮಾತಿಗೆ 'ಟೋಲ್ಡ್' ಒಂದೇ ಗತಿ: 'ಅಮ್ಮ ಟೋಲ್ಡ್ ಮಿ ಟು ಶಟ್ ದ ಡೋರ್.' ಆರನೇ ಕ್ಲಾಸಿಗೆ ಇಷ್ಟು ಸಾಕು. ನಿಯಮವಾಗಿ ಬಾಯಿಪಾಠ ಮಾಡಿಸಬೇಡಿ, ಮೊದಲು ಕನ್ನಡದಲ್ಲಿ 'ಅಂದ್ರು', 'ನಮಗೆ ಹೇಳಿದ್ರು' ಎರಡನ್ನೂ ಬೇರೆಬೇರೆಯಾಗಿ ಹೇಳಿಸಿ. ಇಂಗ್ಲಿಷು ಹಿಂದೆಯೇ ಬರುತ್ತದೆ.

ಪ್ರಶ್ನೆ: ಹಳೇ ಮಹಾಬಲಿಪುರಂ ರಸ್ತೆಯ ಐಟಿ ಕಂಪನಿಯಲ್ಲಿ ಕೆಲಸ. ಹೊರದೇಶದ ಗ್ರಾಹಕರೊಬ್ಬರು ಫೋನ್ ಮಾಡಿದಾಗ ಅಭ್ಯಾಸದಂತೆ 'ಯೆಸ್, ಟೆಲ್ ಮಿ' ಅಂದೆ. ಆಮೇಲೆ ನಮ್ಮ ಮ್ಯಾನೇಜರ್ ಕರೆದು 'ಹಾಗೆ ಅನ್ನಬೇಡಿ, ದಬಾಯಿಸಿದ ಹಾಗಿರುತ್ತೆ' ಅಂದರು. ನಾನು ಮರ್ಯಾದೆಯಿಂದಲೇ ಅಂದಿದ್ದೆ. ಇದರಲ್ಲಿ ದಬಾಯಿಸುವುದು ಎಲ್ಲಿಂದ ಬಂತು?
— ಸಾಫ್ಟ್‌ವೇರ್ ಉದ್ಯೋಗಿ, ಶೋಲಿಂಗನಲ್ಲೂರು

ಉತ್ತರ: ನೀವು ಮರ್ಯಾದೆಯಿಂದಲೇ ಅಂದಿರಿ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಮರ್ಯಾದೆ ದಾರಿಯಲ್ಲಿ ಉದುರಿಹೋಯಿತು.

ಫೋನ್ ಎತ್ತಿ ಕನ್ನಡದವನು 'ಹೇಳಿ' ಅನ್ನುತ್ತಾನೆ, ತಮಿಳಿನವನು 'ಸೊಲ್ಲುಂಗ' ಅನ್ನುತ್ತಾನೆ, ಹಿಂದಿಯವನು 'ಬೋಲಿಯೆ' ಅನ್ನುತ್ತಾನೆ. ಮೂವರಲ್ಲೂ ಗೌರವ ಇರುವುದು ಕ್ರಿಯಾಪದದ ಬಾಲದಲ್ಲಿ. 'ಹೇಳು'ವಿನ ಉಕಾರ ಹೋಗಿ ಇಕಾರ ಬಂದರೆ ಸಾಕು, ಎದುರಿನವರಿಗೆ ಕುರ್ಚಿ ಹಾಕಿಕೊಟ್ಟ ಹಾಗೆ. 'ಸೊಲ್ಲು'ವಿಗೆ 'ಉಂಗ' ಸೇರಿದರೂ ಅಷ್ಟೇ. ಇಂಗ್ಲಿಷಿನ 'ಟೆಲ್'ಗೆ ಇಂಥ ಬಾಲವೇ ಇಲ್ಲ. ಮೊಮ್ಮಗನಿಗೂ ಅದೇ, ಮಂತ್ರಿಗೂ ಅದೇ. 'ಟೆಲ್ ಮಿ' ಅಂದಾಗ ಉಳಿಯುವುದು ಬರಿಯ 'ಹೇಳು'. ಅದೂ ಹಿಂದೆ ಮುಂದೆ ಏನೂ ಇಲ್ಲದೆ ಬಂದರೆ ತನಿಖೆ ಮಾಡುವವರ ದನಿ ಬರುತ್ತದೆ.

ಅವರಲ್ಲಿ ಮರ್ಯಾದೆಯನ್ನು ಕ್ರಿಯಾಪದದ ಹೊರಗೆ, ಬೇರೆ ಪದಗಳಲ್ಲಿ ಇಡಬೇಕು. 'ಹೌ ಕ್ಯಾನ್ ಐ ಹೆಲ್ಪ್?' ಅನ್ನಿ. ಮಾತು ಅರ್ಧದಲ್ಲಿ ನಿಂತಿದ್ದರೆ 'ಪ್ಲೀಸ್ ಗೋ ಅಹೆಡ್' ಅನ್ನಿ. ಪರಿಚಯದವರಾದರೆ 'ವಾಟ್ ಕ್ಯಾನ್ ಐ ಡು ಫಾರ್ ಯು?' ಸಾಕು.

ನಮ್ಮ ಊರಿನ ಉಡುಪಿ ಹೋಟೆಲುಗಳಲ್ಲಿ ಇದಕ್ಕೊಂದು ಪರಿಹಾರ ಆಗಲೇ ಇದೆ. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಮೇಲೆ ಮದರಾಸಿನ ದೊಡ್ಡ ಮಂದಿ, ಹೊರಗಿನ ಮಂದಿ ಎಲ್ಲರೂ ಇಡ್ಲಿ ತಿನ್ನಲು ಬರುವಂಥ ಜಾಗಗಳು ಈ ಊರಿಗೆ ಬಂದವು. ಇಂದಿಗೂ ಅಂಥ ಹೋಟೆಲಿನ ಮೇಜಿನ ಪಕ್ಕ ಸರ್ವರ್ ನಿಂತು ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತಾ, ಊರಿನವರಿಗೆ 'ಸೊಲ್ಲುಂಗ ಸಾರ್', ಪರದೇಶಿಗೆ 'ಟೆಲ್ ಮಿ ಸಾರ್' ಅನ್ನುತ್ತಾನೆ. 'ಉಂಗ' ಹೋದ ಜಾಗವನ್ನು 'ಸಾರ್' ತುಂಬುತ್ತದೆ. ವ್ಯಾಕರಣ ಓದಿದವರಿಗೆ ಹೊಳೆಯದ ಉಪಾಯ ಅವನಿಗೆ ಹೊಳೆದಿದೆ.

ನಿಮ್ಮ ಸಹೋದ್ಯೋಗಿಗಳ ಜೊತೆ, ಬೆಂಗಳೂರಿನ ಟೀಮಿನ ಜೊತೆ 'ಟೆಲ್ ಮಿ' ಅನ್ನುವುದನ್ನು ಬಿಡಬೇಕಿಲ್ಲ. ಅವರಿಗೆ ಅದು 'ಹೇಳಿ' ಅಂತಲೇ ಕೇಳಿಸುತ್ತದೆ.

ಪ್ರಶ್ನೆ: ಕನ್ನಡದ 'ಅಂತೆ'ಯನ್ನು ಇಂಗ್ಲಿಷಿಗೆ ತರುವುದು ಹೇಗೆ? 'ಅವರು ತುಂಬಾ ಶ್ರೀಮಂತರಂತೆ' ಅನ್ನುವುದಕ್ಕೆ ಗೆಳೆಯ 'ಹಿ ಈಸ್ ಟೋಲ್ಡ್ ಟು ಬಿ ವೆರಿ ರಿಚ್' ಅಂತ ಬರೆದ. ಏನೋ ಎಡವಟ್ಟು ಅನ್ನಿಸಿತು, ಏನು ಅಂತ ಗೊತ್ತಾಗಲಿಲ್ಲ.
— ಪತ್ರಿಕೋದ್ಯಮ ವಿದ್ಯಾರ್ಥಿ, ಅಡ್ಯಾರ್

ಉತ್ತರ: ಎಡವಟ್ಟೇ ಸರಿ. ನಿಮ್ಮ ಗೆಳೆಯ ಬರೆದಿದ್ದರ ಅರ್ಥ, 'ತುಂಬಾ ಶ್ರೀಮಂತನಾಗಿರು ಅಂತ ಅವನಿಗೆ ಅಪ್ಪಣೆಯಾಗಿದೆ'. ಅಂಥ ಅಪ್ಪಣೆ ಕೊಡುವವರು ನಮಗೂ ಸಿಕ್ಕರೆ ಒಳ್ಳೆಯದಿತ್ತು. ಬೇಕಾದದ್ದು 'ಹಿ ಈಸ್ ಸೆಡ್ ಟು ಬಿ ವೆರಿ ರಿಚ್.'

'ಅಂತೆ' ಬಹಳ ಜಾಣ ಪ್ರತ್ಯಯ. ಸುದ್ದಿಯನ್ನೂ ದಾಟಿಸುತ್ತದೆ, 'ನಾನು ಕಂಡದ್ದಲ್ಲ, ಕೇಳಿದ್ದು' ಅಂತ ಜವಾಬ್ದಾರಿಯನ್ನೂ ಕೊಡವಿಕೊಳ್ಳುತ್ತದೆ. ತಮಿಳಿನಲ್ಲಿ 'ಆಂ' ಇದೇ ಕೆಲಸ ಮಾಡುತ್ತದೆ: 'ಬರ್ತಾರಂತೆ'ಗೆ 'ವರಾರಾಂ'. ಇಂಗ್ಲಿಷಿನಲ್ಲಿ ಅಷ್ಟು ಚಿಕ್ಕದು ಯಾವುದೂ ಇಲ್ಲ. ಮಾತಿನಲ್ಲಿ 'ಅಪಾರೆಂಟ್ಲಿ' ಅಂತಲೋ 'ದೇ ಸೇ' ಅಂತಲೋ ಅನ್ನುತ್ತಾರೆ, ಬರಹದಲ್ಲಿ 'ಈಸ್ ಸೆಡ್ ಟು'. ಪತ್ರಿಕೆ ಸೇರುವವರು ನೀವು, ಒಂದು ಮಾತು ನೆನಪಿಡಿ: ವರದಿಯಲ್ಲಿ 'ಅಂತೆ' ಬರೆಯುವ ಮೊದಲು ಯಾರು ಅಂದದ್ದು ಅಂತ ಹುಡುಕಿ. ಹೆಸರು ಸಿಕ್ಕರೆ 'ಅಂತೆ' ಬೇಡವೇ ಬೇಡ.

ಕಾನೂನು ಬರಹದಲ್ಲಿ 'ದ ಸೆಡ್ ಪ್ರಾಪರ್ಟಿ' ಅಂತ ಕಂಡರೆ ಗಾಬರಿಯಾಗಬೇಡಿ. ಅದು ನಮ್ಮ ಪತ್ರಗಳ 'ಸದರಿ ಸ್ವತ್ತು'.

ಪ್ರಶ್ನೆ: ನನ್ನ ಮೊಮ್ಮಗ 'ತಾತಾ, ಟೆಲ್ ಎ ಸಾಂಗ್' ಅನ್ನುತ್ತಾನೆ. ಸೊಸೆ ನಗುತ್ತಾಳೆ. ನಾವು ಹಾಡು ಹೇಳು ಅಂತಲೇ ತಾನೇ ಹೇಳುವುದು?
— ಹಿರಿಯರೊಬ್ಬರು, ನಂಗನಲ್ಲೂರು

ಉತ್ತರ: ಹೌದು ರಾಯರೆ, ಹಾಗೆಯೇ ಹೇಳುವುದು. ಕನ್ನಡದ 'ಹೇಳು' ಬಹಳ ಉದಾರಿ. ಹಾಡು ಹೇಳುತ್ತೇವೆ, ಮಂತ್ರ ಹೇಳುತ್ತೇವೆ, ಮಗ್ಗಿ ಹೇಳುತ್ತೇವೆ, ಸುಳ್ಳನ್ನೂ ಹೇಳುತ್ತೇವೆ, ಪಾಠವನ್ನಂತೂ ಹೇಳಿಕೊಡುತ್ತೇವೆ, ಆಳನ್ನು ಅಟ್ಟಿ ಪುರೋಹಿತರಿಗೆ ಹೇಳಿ ಕಳಿಸುತ್ತೇವೆ. ಇಂಗ್ಲಿಷು ಇದನ್ನೆಲ್ಲ ಪಾಲು ಮಾಡಿ ಬೇರೆ ಬೇರೆ ಮನೆಗೆ ಹಂಚಿಬಿಟ್ಟಿದೆ. ಹಾಡಿಗೆ 'ಸಿಂಗ್', ಪಾಠಕ್ಕೆ 'ಟೀಚ್', ಮಗ್ಗಿಗೆ 'ರಿಸೈಟ್', ಪುರೋಹಿತರಿಗೆ 'ಸೆಂಡ್ ಫಾರ್'.

'ಟೆಲ್' ಪಾಲಿಗೆ ಉಳಿದದ್ದು ಕಥೆ, ಸುಳ್ಳು, ನಿಜ, ಜೋಕು, ಗುಟ್ಟು. ಇಲ್ಲೆಲ್ಲ ಯಾರಿಗೆ ಅಂತ ಹೇಳದಿದ್ದರೂ ನಡೆಯುತ್ತದೆ: 'ಹಿ ಟೋಲ್ಡ್ ಎ ಲೈ' ಪೂರ್ತಿ ವಾಕ್ಯ. 'ಸೇ' ಪಾಲಿಗೆ ಪ್ರಾರ್ಥನೆ, ನಮಸ್ಕಾರ, 'ಇಲ್ಲ' ಅನ್ನುವುದು, 'ಸಾರಿ' ಅನ್ನುವುದು. ಗಡಿಯಾರದ ವಿಷಯದಲ್ಲಿ ಒಂದು ತಮಾಷೆ ಇದೆ. ಮುಳ್ಳು ನೋಡಿ ಗಂಟೆ ಎಷ್ಟು ಅಂತ ತಿಳಿಯುವ ಮಗು 'ಕ್ಯಾನ್ ಟೆಲ್ ದ ಟೈಮ್', ಆದರೆ ಗಡಿಯಾರ ಮಾತ್ರ 'ಸೇಸ್ ಟೆನ್ ಒ ಕ್ಲಾಕ್'. ಗೋಡೆಯ ಬೋರ್ಡು, ಪೇಪರು, ಪಂಚಾಂಗ ಎಲ್ಲವೂ 'ಸೇ' ಅನ್ನುತ್ತವೆ. ಅವುಗಳಿಗೆ ಎದುರಿಗೆ ಯಾರಿದ್ದಾರೆ ಅನ್ನುವ ಗೊಡವೆ ಇಲ್ಲ ನೋಡಿ.

ಮೊಮ್ಮಗ ಕೇಳಿದಾಗ ಹಾಡು ಹೇಳಿ. ಆಮೇಲೆ 'ಸಿಂಗ್' ಅಂತ ಒಂದು ಸಲ ಅಂದರೆ ಸಾಕು, ಆ ವಯಸ್ಸಿನವರಿಗೆ ತಾನಾಗಿ ಹತ್ತುತ್ತದೆ.

ಪ್ರಶ್ನೆ: 'ಟೋಲ್ಡ್ ಟು ಮಿ', 'ಎಕ್ಸ್‌ಪ್ಲೇನ್ ಮಿ', 'ಡೋಂಟ್ ಟೆಲ್ ಲೈಕ್ ದಟ್', 'ಹಿ ಈಸ್ ಟೆಲಿಂಗ್ ಹಿ ವೋಂಟ್ ಕಮ್' — ಇವುಗಳಲ್ಲಿ ಯಾವುದು ಸರಿ?
— ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ತಿರುವಲ್ಲಿಕ್ಕೇಣಿ

ಉತ್ತರ: ಪರೀಕ್ಷೆಯಲ್ಲಿ ಒಂದೂ ಅಲ್ಲ.

'ನನಗೆ' ಅನ್ನುವಲ್ಲಿನ 'ಗೆ'ಯನ್ನು ಕೈಬಿಡಲಾರದೆ 'ಟು ಮಿ' ಅನ್ನುತ್ತೇವೆ. ತಮಿಳಿನಲ್ಲಿ 'ಎನ್‌ಕಿಟ್ಟ ಸೊನ್ನಾನ್', ನಮ್ಮಲ್ಲೂ 'ನನ್ನ ಹತ್ರ ಹೇಳಿದ' ಅನ್ನುವವರಿದ್ದಾರೆ. ಹಾಗಾಗಿ ಎರಡೂ ಕಡೆಯಿಂದ ಒತ್ತಡ. 'ಟೆಲ್' ಆದ ಮೇಲೆ ಕೇಳುಗ ನೇರವಾಗಿ ಬರಬೇಕು: 'ಟೋಲ್ಡ್ ಮಿ'. 'ಸೇ' ಆದ ಮೇಲೆ ಬರುವುದಾದರೆ 'ಟು' ಬೇಕೇ ಬೇಕು: 'ಸೆಡ್ ಟು ಮಿ'. 'ಎಕ್ಸ್‌ಪ್ಲೇನ್' ಕೂಡ 'ಸೇ' ಜಾತಿಯದು: 'ಎಕ್ಸ್‌ಪ್ಲೇನ್ ಟು ಮಿ'. ಅತ್ತ 'ಡಿಸ್ಕಸ್'ಗೆ 'ಅಬೌಟ್' ಬೇಡ. 'ವಿಷಯದ ಬಗ್ಗೆ ಚರ್ಚಿಸಿದೆವು' ಅನ್ನುವ 'ಬಗ್ಗೆ' ಅಲ್ಲಿಗೆ ನುಸುಳಿದೆ.

'ಹಾಗೆ ಹೇಳಬೇಡಿ' ಅನ್ನುವುದಕ್ಕೆ 'ಡೋಂಟ್ ಸೇ ದಟ್'. 'ಬರಲ್ಲ ಅಂತಿದಾನೆ' ಅನ್ನುವುದಕ್ಕೆ 'ಹಿ ಸೇಸ್ ಹಿ ವೋಂಟ್ ಕಮ್'. ಇನ್ನೊಂದನ್ನು ಪರೀಕ್ಷೆಯವರು ಇಷ್ಟಪಟ್ಟು ಕೇಳುತ್ತಾರೆ: 'ಐ ವಾಸ್ ಟೋಲ್ಡ್' ಸರಿ, 'ಐ ವಾಸ್ ಸೆಡ್' ತಪ್ಪು. ಕೇಳುಗ ಕರ್ತೃವಿನ ಜಾಗಕ್ಕೆ ಬರುವ ಹಕ್ಕು 'ಟೆಲ್'ಗೆ ಮಾತ್ರ.

ಪ್ರಶ್ನೆ: 'ಸ್ಪೀಕ್' ಮತ್ತು 'ಟಾಕ್' ಎರಡಕ್ಕೂ ಕನ್ನಡದಲ್ಲಿ 'ಮಾತಾಡು' ಒಂದೇ. ಯಾವಾಗ ಯಾವುದು? ನಾನು ಸಿನಿಮಾ ಡಬ್ಬಿಂಗ್‌ನಲ್ಲಿದ್ದವಳು. ಜೀವನವಿಡೀ ಮಾತಾಡಿಯೇ ಬದುಕಿದ್ದು, ಈ ವ್ಯತ್ಯಾಸ ಮಾತ್ರ ಇವತ್ತಿಗೂ ಬಗೆಹರಿದಿಲ್ಲ.
— ನಿವೃತ್ತ ಕಲಾವಿದೆ, ಸಾಲಿಗ್ರಾಮಂ

ಉತ್ತರ: ಅಮ್ಮಾ, ನಿಮ್ಮ ಪತ್ರ ನೋಡಿ ಖುಷಿಯಾಯಿತು. 'ಬೇಡರ ಕಣ್ಣಪ್ಪ' ಬಂದ 1954ರ ಆಸುಪಾಸಿನಿಂದ ದಶಕಗಟ್ಟಲೆ ಕನ್ನಡ ಚಿತ್ರಗಳು ಮಾತು ಕಲಿತದ್ದು ಕೋಡಂಬಾಕಂ, ವಡಪಳನಿಯ ಸ್ಟುಡಿಯೋಗಳಲ್ಲಿ. ರಾಜ್‌ಕುಮಾರ್ ಸಂಸಾರ ಇಲ್ಲೇ ಇದ್ದು, ಶಿವರಾಜ್‌ಕುಮಾರ್, ಪುನೀತ್ ಹುಟ್ಟಿದ್ದೂ ಇದೇ ಊರಿನಲ್ಲಿ. ನಿಮ್ಮಂಥವರ ಗಂಟಲನ್ನು ಕೇಳಿಕೊಂಡೇ ನಾವು ಬೆಳೆದದ್ದು.

ಇಬ್ಬರೋ ನಾಲ್ವರೋ ಕೂತು ಆ ಕಡೆ ಈ ಕಡೆ ಮಾತು ಹರಿದರೆ 'ಟಾಕ್'. ಹರಟೆ, ಸುಖದುಃಖ, ಜಗಳದ ನಂತರದ ರಾಜಿ ಎಲ್ಲವೂ ಅದರೊಳಗೆ. ಒಬ್ಬರು ನಿಂತು ಮಾತಾಡಿ ಉಳಿದವರು ಕೇಳಿದರೆ 'ಸ್ಪೀಕ್', ಅದರಿಂದಲೇ 'ಸ್ಪೀಚ್'. ಭಾಷೆಯ ವಿಷಯ ಬಂದರೆ 'ಸ್ಪೀಕ್' ಮಾತ್ರ: 'ಶಿ ಸ್ಪೀಕ್ಸ್ ಕನ್ನಡ'. 'ನನಗೆ ಕನ್ನಡ ಮಾತಾಡೋಕೆ ಬರುತ್ತೆ' ಅನ್ನುವುದಕ್ಕೆ 'ಐ ನೋ ಟು ಸ್ಪೀಕ್ ಕನ್ನಡ' ಅಂತ ಸುತ್ತಬೇಕಾಗಿಲ್ಲ, 'ಐ ಸ್ಪೀಕ್ ಕನ್ನಡ' ಅಂದರೆ ಬರುತ್ತೆ ಅಂತಲೇ ಅರ್ಥ. ಫೋನಿನಲ್ಲಿ ಪರಿಚಯವಿಲ್ಲದವರನ್ನು ಕೇಳುವಾಗ 'ಮೇ ಐ ಸ್ಪೀಕ್ ಟು' ಗಂಭೀರ, ಮನೆಯವರಿಗೆ 'ಟಾಕ್ ಟು' ಸಲೀಸು. ಕ್ಲಾಸಿನಲ್ಲಿ ಮೇಷ್ಟ್ರು ಹೊರಗೆ ಹೋದಾಗ ಲೀಡರ್ ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುತ್ತಿದ್ದನಲ್ಲ, ಅದು 'ಟಾಕ್'. ಮೇಷ್ಟ್ರು ಬಂದ ಮೇಲೆ ನಿಲ್ಲಿಸಿ 'ಈಗ ಮಾತಾಡು' ಅಂದರೆ ಅದು 'ಸ್ಪೀಕ್'.

ನಿಮ್ಮ ಕಸುಬಿಗೆ 'ಟಾಕ್' ಹತ್ತಿರ. ಮೂಕಿ ಚಿತ್ರಕ್ಕೆ ಬಾಯಿ ಬಂದಾಗ ಇಂಗ್ಲಿಷಿನವರು 'ಟಾಕಿ' ಅಂದರು. ಕನ್ನಡಕ್ಕೆ 1934ರಲ್ಲಿ 'ಸತಿ ಸುಲೋಚನ' ಬಂದಾಗ ನಮ್ಮ ಪಂಡಿತರು ಅದನ್ನು 'ವಾಕ್ಚಿತ್ರ' ಮಾಡಿದರು. ಜನ ಅದನ್ನು ಕಿವಿಗೆ ಹಾಕಿಕೊಳ್ಳದೆ 'ಟಾಕೀಸ್' ಅಂತ ಚಿತ್ರಮಂದಿರಕ್ಕೇ ಹೆಸರಿಟ್ಟುಕೊಂಡರು. ತಮಿಳರು 'ಪೇಸುಂ ಪಡಂ' ಅಂದರು, ಮಾತಾಡುವ ಚಿತ್ರ. ಸಿಂಗೀತಂ ಶ್ರೀನಿವಾಸರಾಯರು 1987ರಲ್ಲಿ ಬೆಂಗಳೂರಿನಲ್ಲಿ ತೆಗೆದ 'ಪುಷ್ಪಕ ವಿಮಾನ'ದಲ್ಲಿ ಸಂಭಾಷಣೆಯೇ ಇಲ್ಲ. ತಮಿಳುನಾಡಿಗೆ ಅದು ಬಂದ ಹೆಸರು 'ಪೇಸುಂ ಪಡಂ'! ಡಬ್ಬಿಂಗ್‌ನವರಿಗೆ ಕೆಲಸ ಕೊಡದ ಚಿತ್ರಕ್ಕೆ ಆ ಹೆಸರು. ನಿಮಗೆ ಆಗ ನಗು ಬಂದಿತ್ತೋ ಕೋಪ ಬಂದಿತ್ತೋ, ಬರೆಯಿರಿ.

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ದುಡ್ಡು ಎಣಿಸುವವನಿಗೆ 'ಟೆಲ್ಲರ್' ಅಂತ ಯಾಕೆ ಹೆಸರು? ನಾವು ಕೌಂಟರಿನಲ್ಲಿ ಹೇಳುವುದೇನೂ ಇರುತ್ತಿರಲಿಲ್ಲ. ಬೈಸಿಕೊಳ್ಳುವುದಷ್ಟೇ ಇತ್ತು.
— ಬೆಸೆಂಟ್ ನಗರ

ಉತ್ತರ: 'ಟೆಲ್' ಹುಟ್ಟಿದಾಗ ಅದಕ್ಕೆ ಎಣಿಸು ಅನ್ನುವ ಅರ್ಥವಿತ್ತು. ಹಳೆಯ ಇಂಗ್ಲಿಷಿನಲ್ಲಿ ಕುರಿ ಎಣಿಸುವುದಕ್ಕೂ, ನಡೆದದ್ದನ್ನು ಒಂದಾದ ಮೇಲೊಂದು ಬಿಡಿಸಿ ಹೇಳುವುದಕ್ಕೂ ಅದೇ ಪದ. ಕಥೆ ಅನ್ನುವ ಅರ್ಥದ 'ಟೇಲ್' ಅದರ ಒಡಹುಟ್ಟು, 'ಟಾಕ್' ಕೂಡ ಅದೇ ಬುಡದಿಂದ ಚಿಗುರಿದ್ದು. ಜರ್ಮನ್ನರಲ್ಲಿ ಇವತ್ತಿಗೂ ಎಣಿಸುವುದು 'ತ್ಸೇಲೆನ್', ಕಥೆ ಹೇಳುವುದು 'ಎರ್ತ್ಸೇಲೆನ್'. ಇಂಗ್ಲಿಷಿನಲ್ಲಿ ಎಣಿಕೆಯ ಅರ್ಥ ಮಾಸುತ್ತಾ ಬಂದು ಮೂಲೆಮೂಲೆಯಲ್ಲಿ ಉಳಿದಿದೆ. ಒಟ್ಟು ಇಷ್ಟು ಅನ್ನುವುದಕ್ಕೆ 'ಆಲ್ ಟೋಲ್ಡ್', ಜಪಮಣಿ ಎಣಿಸುವುದಕ್ಕೆ 'ಟೆಲ್ಲಿಂಗ್ ಬೀಡ್ಸ್', ಮತ್ತೆ ನಿಮ್ಮ ಕೌಂಟರು. ನಿಮ್ಮ ಕೆಲಸ ಕಿತ್ತುಕೊಂಡ ಯಂತ್ರದ ಹೆಸರಿನಲ್ಲೂ ಅದೇ ಇದೆ. ಎಟಿಎಂ ಅನ್ನುವಲ್ಲಿ ನಡುವಿನ ಅಕ್ಷರ 'ಟೆಲ್ಲರ್'.

ನಮಗೆ ಇದು ಹೊಸದಲ್ಲ. ಕರಾವಳಿಯವರು 'ಹೀಗಾಗುತ್ತದೆ ಅಂತ ಎಣಿಸಿರಲಿಲ್ಲ' ಅನ್ನುವಾಗ ಎಣಿಸುವುದು ಅಂದರೆ ಯೋಚಿಸುವುದು. ತಮಿಳಿನ 'ಎಣ್ಣು' ಕೂಡ ಎರಡನ್ನೂ ಹೊತ್ತಿದೆ. ಅವರಲ್ಲಿ ಎಣಿಕೆ ನಾಲಿಗೆಗೆ ಹೋಯಿತು, ನಮ್ಮಲ್ಲಿ ತಲೆಗೆ ಹೋಯಿತು.

ಪ್ರಶ್ನೆ: ನಾನು ಕನ್ನಡ ಮತ್ತು ಭಾಷಾವಿಜ್ಞಾನ ಓದುತ್ತಿದ್ದೇನೆ. ಕನ್ನಡದ 'ಹೇಳು', ತಮಿಳಿನ 'ಸೊಲ್ಲು' ಇವುಗಳ ಸಂಬಂಧ ತಿಳಿಯಲು ಯಾವ ನಿಘಂಟು ನೋಡಬೇಕು? ಚೆನ್ನೈಯಲ್ಲೇ ಸಿಗುತ್ತವೆಯೇ?
— ವಿದ್ಯಾರ್ಥಿನಿ, ಚೇಪಾಕ್

ಉತ್ತರ: ಇಂಥ ಪ್ರಶ್ನೆಗೆ ಚೆನ್ನೈಗಿಂತ ಒಳ್ಳೆಯ ಊರು ಕಡಿಮೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು ಎಫ್. ಡಬ್ಲ್ಯೂ. ಎಲ್ಲಿಸ್ 1812ರಲ್ಲಿ ಇಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಕಟ್ಟಿದ. ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಸಾಲಾಗಿಟ್ಟು ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮೊಳಗೆ ಒಂದೇ ಮನೆಯವು ಅಂತ 1816ರಲ್ಲೇ ತೋರಿಸಿದವನು ಅವನು. ಕಾಲ್ಡ್‌ವೆಲ್ಲನ ಹೆಸರಾಂತ ವ್ಯಾಕರಣ ಬಂದದ್ದು ಅದಾಗಿ ನಲವತ್ತು ವರ್ಷಕ್ಕೆ, 1856ರಲ್ಲಿ. ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ, ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲೇ ಅಚ್ಚಾದವು. ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಬಂತು. ಆಗ ಬಳ್ಳಾರಿ, ಮಂಗಳೂರು ಎರಡೂ ಮದರಾಸು ಪ್ರಾಂತ್ಯದವೇ. ಆ ಕಿಟೆಲ್ ನಿಘಂಟನ್ನು ತಿದ್ದಿ ಹಿಗ್ಗಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ಮದರಾಸು ವಿಶ್ವವಿದ್ಯಾಲಯ. ಸಂಪಾದಕರು ಅಲ್ಲಿನ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ. ಮರಿಯಪ್ಪ ಭಟ್ಟರು. ನೀವು ಓದುವ ಚೇಪಾಕಿನ ಮನೆಯ ಕೂಸು ಅದು. ಕನ್ನಡನಾಡಿನಲ್ಲಿ ಇದನ್ನು ನೆನೆಯುವವರು ಕಡಿಮೆ ಅನ್ನುವ ಬೇಸರ ನನಗಿದೆ.

ಪದಗಳ ನಂಟು ನೋಡಲು ಬರೋ ಮತ್ತು ಎಮೆನೋ ಸಿದ್ಧಪಡಿಸಿದ ದ್ರಾವಿಡ ವ್ಯುತ್ಪತ್ತಿ ಕೋಶ, 1984ರ ಎರಡನೇ ಆವೃತ್ತಿ ಬೇಕು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ, ಇಲ್ಲವೇ ಎಗ್ಮೋರಿನ ಕನ್ನೆಮಾರ ಗ್ರಂಥಾಲಯಕ್ಕೆ ಹೋಗಿ.

ನಿಮ್ಮ ಪ್ರಶ್ನೆಯ ಎರಡು ಪದಗಳು ನೆಂಟರಲ್ಲ. ನಮ್ಮ 'ಹೇಳು' ಹಳಗನ್ನಡದಲ್ಲಿ 'ಪೇೞ್'. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ ಇದರ ಪಕಾರವೂ ಹಕಾರವಾಯಿತು. ತಮಿಳಿನ 'ಸೊಲ್'ಗೆ ನಮ್ಮಲ್ಲಿರುವ ನೆಂಟ 'ಸೊಲ್ಲು'. ಕ್ರಿಯಾಪದವಾಗಿ ನಾವು ಅದನ್ನು ಬಿಟ್ಟೆವು, ಸೊಲ್ಲೆತ್ತುವುದು, ಸೊಲ್ಲಡಗುವುದು ಅಂತ ನಾಮಪದವಾಗಿ ಇಟ್ಟುಕೊಂಡೆವು. 'ಅನ್ನು', 'ಎನ್ನು' ಮಾತ್ರ ಮನೆಮಂದಿಗೆಲ್ಲ ಸೇರಿದ ಆಸ್ತಿ: ತಮಿಳಿನಲ್ಲಿ 'ಎನ್', ತೆಲುಗಿನಲ್ಲಿ 'ಅನು'. ಬಾಯಿಂದ ಬಂದ ಮಾತನ್ನು ಹಾಗೇ ಎತ್ತಿ ಇಡುವ ಕೆಲಸ ಎಲ್ಲ ಕಡೆಯೂ ಅದರದ್ದೇ.

ಇಂಗ್ಲಿಷ್ ಕಡೆಗೆ ಹಾರ್ನ್‌ಬಿ ಶುರುಮಾಡಿದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು ಇಟ್ಟುಕೊಳ್ಳಿ. ಅರ್ಥ ಓದುವ ಮೊದಲು ಅದರ ಉದಾಹರಣೆ ವಾಕ್ಯಗಳನ್ನು ಓದಿ. ಕನ್ನಡ ಪದಗಳ ಅನುಮಾನಕ್ಕೆ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ಓದುಗರಿಗೆ ಉತ್ತರಿಸುತ್ತಿದ್ದ 'ಇಗೋ ಕನ್ನಡ' ಪುಸ್ತಕವಾಗಿ ಸಿಗುತ್ತದೆ. ಪ್ರಶ್ನೋತ್ತರ ಬರೆಯುವ ನಮ್ಮಂಥವರಿಗೆಲ್ಲ ಅದೇ ಮೇಲ್ಪಂಕ್ತಿ.

ಪ್ರಶ್ನೆ: ಇಷ್ಟೆಲ್ಲ ತಿದ್ದುವುದು ಯಾಕೆ? ಇಂಗ್ಲಿಷು ಈಗ ನಮ್ಮದೂ ಹೌದು. ನಾವು ಹೇಗೆ ಹೇಳುತ್ತೇವೋ ಅದೇ ಸರಿ ಅಂದರೇನು ತಪ್ಪು?
— ಅಣ್ಣಾ ನಗರ

ಉತ್ತರ: ಅರ್ಧ ಒಪ್ಪುತ್ತೇನೆ. ತರಕಾರಿ ಅಂಗಡಿಯಲ್ಲಿ, ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ 'ಸೆಕ್ರೆಟರಿ ಟೋಲ್ಡ್ ದಟ್ ವಾಟರ್ ಲಾರಿ ವಿಲ್ ಕಮ್' ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ನೀರೂ ಬರುತ್ತದೆ. ಅಲ್ಲಿ ತಿದ್ದಲು ಹೋಗುವವನು ಅಧಿಕಪ್ರಸಂಗಿ. ಆದರೆ ಪರೀಕ್ಷೆ, ಅರ್ಜಿ, ಸಂದರ್ಶನ, ಹೊರದೇಶದ ಫೋನು — ಇಲ್ಲಿ ಅಂಕವೋ ಕೆಲಸವೋ ಹೋಗುವುದು ನಮ್ಮ ಮಕ್ಕಳದ್ದು. ಅವರಿಗೆ ಎರಡೂ ಗೊತ್ತಿರಲಿ. ಮೂರು ಭಾಷೆಯಲ್ಲಿ ದಿನ ಕಳೆಯುವವರಿಗೆ ಇನ್ನೊಂದು ಬಗೆಯ ಇಂಗ್ಲಿಷು ಭಾರವಾಗದು.

ಮುಂದಿನ ತಿಂಗಳು 'ಕೇಳು' ತೆಗೆದುಕೊಳ್ಳೋಣ. ಪ್ರಶ್ನೆ ಕೇಳುವುದಕ್ಕೂ ಹಾಡು ಕೇಳುವುದಕ್ಕೂ ಅಪ್ಪನ ಮಾತು ಕೇಳುವುದಕ್ಕೂ ಕನ್ನಡ, ತಮಿಳು ಎರಡರಲ್ಲೂ ಒಂದೇ ಪದ, ಇಂಗ್ಲಿಷಿನಲ್ಲಿ 'ಆಸ್ಕ್', 'ಹಿಯರ್', 'ಲಿಸನ್', 'ಒಬೇ' ಅಂತ ನಾಲ್ಕು. ಪತ್ರ ಬರೆಯುವವರು ಬಿಡಿ ಪದ ಕಳಿಸಬೇಡಿ. ಯಾರು, ಯಾರಿಗೆ, ಎಲ್ಲಿ ಅಂದ ಮಾತು ಅನ್ನುವುದರ ಸಮೇತ ಪೂರ್ತಿ ವಾಕ್ಯ ಬರೆದು ಕಳಿಸಿ.